ಅನ್ಸಾರಿ: ಒಂದು ವಂಶನಾಮದ ಹುಟ್ಟು ಮತ್ತು ಹರಡುವಿಕೆ

ಅನ್ಸಾರಿ: ಮುಸ್ಲಿಮರಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವ ವಂಶನಾಮ. ಏಳನೆಯ ಶತಮಾನದ ಅರೇಬಿಯಾದಲ್ಲಿ, ಪ್ರವಾದಿ ಮುಹಮ್ಮದರಿಗೆ ಆಶ್ರಯ ಕೊಟ್ಟ ಮದೀನಾದ ಜನರಿಗೆ ಸಂದ ಗೌರವದ ಹೆಸರೇ ಇದರ ಮೂಲ. ಆ ಜನರ ಸಂತತಿಯವರೊಂದಿಗೆ ಹೆಸರು ಸ್ಪೇನ್, ತುರ್ಕಿ, ಇರಾನ್, ಅಫ್ಘಾನಿಸ್ತಾನ ಮತ್ತು ಭಾರತಗಳಿಗೆ ಹೋಯಿತು. ಇಪ್ಪತ್ತನೆಯ ಶತಮಾನದಲ್ಲಿ ಉತ್ತರ ಭಾರತದ ಲಕ್ಷಾಂತರ ಮುಸ್ಲಿಂ ನೇಕಾರರು ಇದನ್ನು ತಮ್ಮ ಹೆಸರಾಗಿ ಸ್ವೀಕರಿಸಿದರು. ಹೀಗಾಗಿ ಅನ್ಸಾರಿ ಎಂಬ ಒಂದೇ ಹೆಸರಿನ ಹಿಂದೆ ವಂಶಾವಳಿಯ ಪರಂಪರೆ ಮತ್ತು ದುಡಿಯುವ ಜನರ ಆತ್ಮಗೌರವದ ಹೋರಾಟ ಎಂಬ ಎರಡು ಇತಿಹಾಸಗಳಿವೆ. ಭಾರತದಲ್ಲಿ ಈ ಹೆಸರು ಅರ್ಥವಾಗಬೇಕಾದರೆ ಎರಡನ್ನೂ ತಿಳಿಯಬೇಕು.

ಹೆಸರಿನ ರಚನೆ

ಅರಬ್ಬೀ ಭಾಷೆಯಲ್ಲಿ ಅನ್ಸಾರ್ ಎಂದರೆ ನೆರವಾದವರು. ಆ ಪದದ ಕೊನೆಗೆ ಸಂಬಂಧಸೂಚಕವಾದ ‘ಈ’ ಪ್ರತ್ಯಯ ಸೇರಿದಾಗ ಅನ್ಸಾರರಿಗೆ ಸೇರಿದವನು, ಅನ್ಸಾರಿ, ಎಂದಾಗುತ್ತದೆ. ಊರು, ಕುಲ, ಗುರುಪರಂಪರೆ ಅಥವಾ ಕಸುಬಿನ ಸಂಬಂಧವನ್ನು ಹೇಳುವ ಇಂಥ ಹೆಸರಿಗೆ ನಿಸ್ಬಾ ಎನ್ನುತ್ತಾರೆ. ಬುಖಾರಿ, ಖುರೈಶಿ, ಜೀಲಾನಿ, ಚಿಶ್ತಿ ಮುಂತಾದವೂ ಇದೇ ಬಗೆಯವು.

ಹಳೆಯ ಅರಬ್ ಸಮಾಜದಲ್ಲಿ ಇಂದಿನ ಅರ್ಥದ ವಂಶನಾಮ ಇರಲಿಲ್ಲ. ಒಬ್ಬನ ಪೂರ್ಣ ಹೆಸರು ಹಲವು ಭಾಗಗಳಿಂದ ಕೂಡಿರುತ್ತಿತ್ತು. ಹದಿಮೂರನೆಯ ಶತಮಾನದ ಪ್ರಸಿದ್ಧ ಕುರ್‌ಆನ್ ವ್ಯಾಖ್ಯಾನಕಾರ ಅಬೂ ಅಬ್ದುಲ್ಲಾ ಮುಹಮ್ಮದ್ ಇಬ್ನ್ ಅಹ್ಮದ್ ಅಲ್ ಅನ್ಸಾರಿ ಅಲ್ ಕುರ್ತುಬಿಯ ಹೆಸರನ್ನೇ ನೋಡಬಹುದು. ಮುಹಮ್ಮದ್ ಅವರ ಸ್ವಂತ ಹೆಸರು. ಅಬ್ದುಲ್ಲಾನ ತಂದೆ ಎಂಬುದು ಗೌರವದಿಂದ ಕರೆಯುವ ಕುನ್ಯಾ. ಅಹ್ಮದನ ಮಗ ಎಂಬುದು ಪಿತೃನಾಮ. ಕೊನೆಯ ಎರಡು ನಿಸ್ಬಾಗಳಲ್ಲಿ ಅನ್ಸಾರಿ ಎಂಬುದು ಕುಲವನ್ನು ಹೇಳಿದರೆ ಕುರ್ತುಬಿ ಎಂಬುದು ಸ್ಪೇನಿನ ಕೊರ್ಡೊಬಾ ನಗರವನ್ನು ಹೇಳುತ್ತದೆ. ಒಬ್ಬರಿಗೆ ಹಲವು ನಿಸ್ಬಾಗಳಿದ್ದು, ಸಂದರ್ಭಕ್ಕೆ ತಕ್ಕದ್ದನ್ನು ಬಳಸುವುದು ರೂಢಿಯಾಗಿತ್ತು. ನಿಸ್ಬಾಗಳ ಅಧ್ಯಯನವೇ ಒಂದು ವಿದ್ಯಾಶಾಖೆಯಾಗಿ ಬೆಳೆಯಿತು. ಮರ್ವ್ ನಗರದ ವಿದ್ವಾಂಸ ಅಲ್ ಸಮ್‌ಆನಿ (ನಿಧನ 1166) ಇವುಗಳನ್ನು ಅಕಾರಾದಿಯಾಗಿ ಜೋಡಿಸಿ ‘ಕಿತಾಬ್ ಅಲ್ ಅನ್ಸಾಬ್’ ಎಂಬ ಬೃಹತ್ ಗ್ರಂಥ ರಚಿಸಿದರು. ಆಧುನಿಕ ಸರ್ಕಾರಗಳು ಜನಗಣತಿ, ಶಾಲಾ ದಾಖಲೆ ಮತ್ತು ಪಾಸ್‌ಪೋರ್ಟುಗಳಿಗೆ ಸ್ಥಿರವಾದ ಕೊನೆಯ ಹೆಸರನ್ನು ಕೇಳತೊಡಗಿದ ಮೇಲೆ ನಿಸ್ಬಾಗಳಲ್ಲಿ ಹಲವು ವಂಶನಾಮಗಳಾಗಿ ನೆಲೆನಿಂತವು.

ಮದೀನಾದ ಅನ್ಸಾರರು

ಪ್ರವಾದಿಯವರು ಬರುವ ಮುನ್ನ ಮದೀನಾಕ್ಕೆ ಯಸ್ರಿಬ್ ಎಂಬ ಹೆಸರಿತ್ತು. ಖರ್ಜೂರದ ತೋಟಗಳಿದ್ದ ಈ ಓಯಸಿಸ್‌ನಲ್ಲಿ ಔಸ್ ಮತ್ತು ಖಜ್ರಜ್ ಎಂಬ ಎರಡು ಅರಬ್ ಕುಲಗಳು, ಜೊತೆಗೆ ಕೆಲವು ಯಹೂದಿ ಕುಲಗಳು ವಾಸಿಸುತ್ತಿದ್ದವು. ತಮ್ಮ ಪೂರ್ವಜರು ಯೆಮನ್ ಕಡೆಯಿಂದ ಬಂದವರೆಂದು ಔಸ್ ಮತ್ತು ಖಜ್ರಜ್ ಕುಲಗಳೆರಡೂ ನಂಬಿದ್ದವು. ದಾಯಾದಿಗಳಂತಿದ್ದರೂ ತಲೆಮಾರುಗಳಿಂದ ಅವರ ನಡುವೆ ಹಗೆ ಬೆಳೆದಿತ್ತು. ಸುಮಾರು 617ರಲ್ಲಿ ನಡೆದ ಬುಆಸ್ ಕಾಳಗದಲ್ಲಿ ಎರಡೂ ಕಡೆಯ ಪ್ರಮುಖರು ಸತ್ತರು. ಈ ಜಗಳಕ್ಕೆ ಕೊನೆ ಹಾಡಬಲ್ಲ ನ್ಯಾಯಸ್ಥನೊಬ್ಬ ಊರಿಗೆ ಬೇಕಾಗಿದ್ದ. ಅದೇ ಕಾಲದಲ್ಲಿ ಮಕ್ಕಾದಲ್ಲಿ ಪ್ರವಾದಿ ಮುಹಮ್ಮದರೂ ಅವರ ಅನುಯಾಯಿಗಳೂ ತಮ್ಮದೇ ಕುಲದವರ ಕಿರುಕುಳಕ್ಕೆ ಗುರಿಯಾಗಿದ್ದರು. 621 ಮತ್ತು 622ರಲ್ಲಿ ಮಕ್ಕಾದ ಹೊರವಲಯದ ಅಖಬಾದಲ್ಲಿ ಯಸ್ರಿಬ್‌ನವರು ಅವರನ್ನು ಕಂಡು ಪ್ರತಿಜ್ಞೆ ಮಾಡಿದರು. ಎಪ್ಪತ್ತಕ್ಕೂ ಹೆಚ್ಚು ಮಂದಿ ಸೇರಿದ್ದ ಎರಡನೆಯ ಪ್ರತಿಜ್ಞೆಯಲ್ಲಿ ಪ್ರವಾದಿಯವರನ್ನು ತಮ್ಮ ಸ್ವಂತ ಕುಟುಂಬದಂತೆ ಕಾಪಾಡುವುದಾಗಿ ಮಾತು ಕೊಟ್ಟರು.

622ರ ವಲಸೆಯೇ ಹಿಜ್ರಾ. ಹಿಜರಿ ಶಕೆ ಆ ವರ್ಷದಿಂದ ಆರಂಭವಾಗುತ್ತದೆ. ಮಕ್ಕಾದಿಂದ ಬಂದವರನ್ನು ಮುಹಾಜಿರರು ಎಂದೂ ಬರಮಾಡಿಕೊಂಡ ಮದೀನಾದವರನ್ನು ಅನ್ಸಾರರು ಎಂದೂ ಕರೆಯಲಾಯಿತು. ಮನೆ, ಆಸ್ತಿ, ವ್ಯಾಪಾರ ಎಲ್ಲವನ್ನೂ ಬಿಟ್ಟು ಬಂದ ಒಬ್ಬೊಬ್ಬ ಮುಹಾಜಿರನನ್ನು ಒಬ್ಬೊಬ್ಬ ಅನ್ಸಾರಿಯೊಂದಿಗೆ ಸಹೋದರನನ್ನಾಗಿ ಜೋಡಿಸಲಾಯಿತು. ಸಅದ್ ಇಬ್ನ್ ರಬೀ ಎಂಬ ಅನ್ಸಾರಿ ತನ್ನ ಆಸ್ತಿಯಲ್ಲಿ ಅರ್ಧವನ್ನೇ ಕೊಡಲು ಮುಂದಾದಾಗ, ಮುಹಾಜಿರರಾದ ಅಬ್ದುರ್ರಹಮಾನ್ ಇಬ್ನ್ ಔಫ್, ಸಅದ್ ಅವರಿಗೆ ಒಳಿತನ್ನು ಹಾರೈಸಿ, ಪೇಟೆಯ ದಾರಿ ತೋರಿಸಿದರೆ ಸಾಕೆಂದ ಪ್ರಸಂಗ ಪ್ರವಾದಿಯವರ ನುಡಿನಡೆಗಳನ್ನು ದಾಖಲಿಸಿದ ಹದೀಸ್ ಸಂಗ್ರಹಗಳಲ್ಲಿದೆ. ಕುರ್‌ಆನಿನ ಒಂಬತ್ತನೆಯ ಅಧ್ಯಾಯ ಮುಹಾಜಿರರ ಜೊತೆಗೆ ಅನ್ಸಾರರನ್ನೂ ಹೆಸರಿಸಿ ಪ್ರಶಂಸಿಸುತ್ತದೆ.

630ರ ಹುನೈನ್ ಯುದ್ಧದ ನಂತರ ಯುದ್ಧಲಾಭದ ದೊಡ್ಡ ಪಾಲು ಮಕ್ಕಾದ ಹೊಸ ಮುಸ್ಲಿಮರಿಗೆ ಸಂದಾಗ ಅನ್ಸಾರರು ನೊಂದುಕೊಂಡರು. ಉಳಿದವರು ಒಂಟೆ ಕುರಿಗಳನ್ನು ಹೊಡೆದುಕೊಂಡು ಹೋಗಲಿ, ನೀವು ದೇವರ ಪ್ರವಾದಿಯನ್ನೇ ಮನೆಗೆ ಕರೆದೊಯ್ಯುವುದು ಸಾಲದೇ ಎಂಬ ಅರ್ಥದಲ್ಲಿ ಪ್ರವಾದಿಯವರು ಅವರನ್ನು ಸಂತೈಸಿದರು. ಅನ್ಸಾರಿ ಎಂಬ ಹೆಸರಿಗೆ ಶತಮಾನಗಳುದ್ದಕ್ಕೂ ಉಳಿದುಬಂದ ಗೌರವ ಈ ಬಗೆಯ ನೆನಪುಗಳಿಂದ ಹುಟ್ಟಿದ್ದು. ಹಗೆತನದಲ್ಲಿ ಮುಳುಗಿದ್ದ ಎರಡು ಕುಲಗಳಿಗೆ ಅವರು ಮಾಡಿದ ಕೆಲಸದಿಂದ ಒಂದೇ ಹೆಸರು ಬಂತು. ಆಮೇಲೆ ಅದೇ ಅವರ ಮಕ್ಕಳು ಮೊಮ್ಮಕ್ಕಳ ಕುಲನಾಮವಾಯಿತು.

ಚದುರಿದ ಸಂತತಿ

632ರಲ್ಲಿ ಪ್ರವಾದಿಯವರು ತೀರಿಕೊಂಡಾಗ ಅನ್ಸಾರರು ಸಖೀಫಾ ಎಂಬ ಮಂಟಪದಲ್ಲಿ ಸೇರಿ ಖಜ್ರಜ್ ಕುಲದ ನಾಯಕ ಸಅದ್ ಇಬ್ನ್ ಉಬಾದಾರನ್ನು ಮುಂದಾಳಾಗಿಸಲು ಯೋಚಿಸಿದರು. ಕೊನೆಗೆ ಮಕ್ಕಾದ ಖುರೈಶ್ ಕುಲದ ಅಬೂಬಕ್ಕರ್ ಖಲೀಫರಾದರು. ಅಲ್ಲಿಂದ ಮುಂದೆ ಅಧಿಕಾರದ ಕೇಂದ್ರದಿಂದ ಅನ್ಸಾರರು ದೂರ ಉಳಿದರು. 683ರಲ್ಲಿ ಉಮಯ್ಯದ್ ಅರಸ ಯಜೀದನ ಸೇನೆ ಅಲ್ ಹರ್ರಾ ಎಂಬಲ್ಲಿ ಮದೀನಾದವರನ್ನು ಸೋಲಿಸಿದಾಗ ಅವರಲ್ಲಿ ಅನೇಕರು ಹತರಾದರು. ವಿಸ್ತರಿಸುತ್ತಿದ್ದ ಅರಬ್ ಸಾಮ್ರಾಜ್ಯದ ಸೈನಿಕರಾಗಿ, ನ್ಯಾಯಾಧೀಶರಾಗಿ, ಹದೀಸ್ ವಿದ್ವಾಂಸರಾಗಿ ಅನ್ಸಾರರ ಮಕ್ಕಳು ದೂರದ ನಾಡುಗಳಲ್ಲಿ ನೆಲೆಸಿದರು.

ಇವರಲ್ಲಿ ಅತಿ ಹೆಚ್ಚು ಮನೆತನಗಳು ತಮ್ಮ ಮೂಲಪುರುಷರೆಂದು ಹೇಳಿಕೊಳ್ಳುವುದು ಅಬೂ ಅಯ್ಯೂಬ್ ಅನ್ಸಾರಿಯವರನ್ನು. ಮದೀನಾಕ್ಕೆ ಬಂದ ಪ್ರವಾದಿಯವರು ಮೊದಲ ತಿಂಗಳುಗಳನ್ನು ಕಳೆದದ್ದು ಇವರ ಮನೆಯಲ್ಲಿ. ಇಳಿವಯಸ್ಸಿನಲ್ಲಿ ಕಾನ್‌ಸ್ಟಾಂಟಿನೋಪಲ್ ಮುತ್ತಿಗೆಗೆ ಹೋದ ಸೇನೆಯಲ್ಲಿದ್ದು ಅವರು ಅಲ್ಲೇ ಕಾಯಿಲೆಯಿಂದ ತೀರಿಕೊಂಡರು. 1453ರಲ್ಲಿ ಆಟೊಮನ್ನರು ಆ ನಗರವನ್ನು ಗೆದ್ದ ಮೇಲೆ ಅವರ ಗೋರಿಯೆಂದು ಗುರುತಿಸಿದ ಸ್ಥಳದಲ್ಲಿ ಮಸೀದಿ ಎದ್ದಿತು. ಇಸ್ತಾಂಬುಲ್‌ನ ಅಯ್ಯೂಬ್ ಬಡಾವಣೆಗೆ ಅವರದೇ ಹೆಸರು. ಹೊಸ ಸುಲ್ತಾನರು ಪಟ್ಟಕ್ಕೆ ಬಂದಾಗ ಖಡ್ಗ ಧರಿಸುವ ವಿಧಿ ನಡೆಯುತ್ತಿದ್ದದ್ದೂ ಇಲ್ಲಿಯೇ.

ಪಶ್ಚಿಮದ ಸ್ಪೇನಿನಲ್ಲಿ ಸಅದ್ ಇಬ್ನ್ ಉಬಾದಾರ ಹೆಸರು ಹೆಚ್ಚು ಕೇಳಿಬರುತ್ತದೆ. 778ರಲ್ಲಿ ಫ್ರಾಂಕರ ದೊರೆ ಶಾರ್ಲಮೇನ್ ಸರಗೋಸಾ ನಗರಕ್ಕೆ ಬಂದಾಗ ಬಾಗಿಲು ತೆರೆಯದೆ ಹಿಂದಿರುಗಿಸಿದ ಹುಸೈನ್ ಇಬ್ನ್ ಯಹ್ಯಾ ಅಲ್ ಅನ್ಸಾರಿ ಈ ವಂಶದವನೆಂದು ಹೇಳಿಕೊಂಡಿದ್ದ. ಗ್ರನಾಡಾವನ್ನು 1238ರಿಂದ 1492ರವರೆಗೆ ಆಳಿ ಅಲ್ ಹಂಬ್ರಾ ಅರಮನೆಗಳನ್ನು ಕಟ್ಟಿಸಿದ ನಸ್ರಿದ್ ಸುಲ್ತಾನರೂ ತಮ್ಮನ್ನು ಸಅದ್ ಸಂತತಿಯವರೆಂದು ಕರೆದುಕೊಂಡರು. ಈಜಿಪ್ಟಿನ ಶಾಫಿ ಪಂಥದ ದೊಡ್ಡ ವಿದ್ವಾಂಸ ಜಕರಿಯ್ಯಾ ಅಲ್ ಅನ್ಸಾರಿ (ನಿಧನ 1520) ಕೈರೋದ ಮುಖ್ಯ ನ್ಯಾಯಾಧೀಶರಾಗಿದ್ದರು. ಸಹರಾ ಮರುಭೂಮಿಯಲ್ಲಿ ಟಿಂಬಕ್ಟು ಸುತ್ತಲಿನ ಟುವಾರೆಗ್ ಜನರ ಒಂದು ಗುಂಪಿನ ಹೆಸರು ಕೆಲ್ ಅನ್ಸಾರ್. ಅವರೂ ಮದೀನಾದ ಮೂಲವನ್ನೇ ಹೇಳಿಕೊಳ್ಳುತ್ತಾರೆ.

ಹೆರಾತ್ ಮತ್ತು ಇರಾನ್

ಭಾರತದ ಅನ್ಸಾರಿ ವಂಶಾವಳಿಗಳಲ್ಲಿ ಮದೀನಾದ ನಂತರದ ಮುಖ್ಯ ನಿಲ್ದಾಣ ಇಂದಿನ ಅಫ್ಘಾನಿಸ್ತಾನದ ಹೆರಾತ್. ಇದಕ್ಕೆ ಕಾರಣ ಸೂಫಿ ಸಂತ ಖ್ವಾಜಾ ಅಬ್ದುಲ್ಲಾ ಅನ್ಸಾರಿ (1006–1089). ಅಬೂ ಅಯ್ಯೂಬರ ಸಂತತಿಯವರೆಂದು ಹೆಸರಾದ ಇವರು ಹಂಬಲಿ ಪಂಥದ ಕಟ್ಟುನಿಟ್ಟಿನ ಅನುಯಾಯಿ. ಆಧ್ಯಾತ್ಮಿಕ ಪಯಣದ ನೂರು ಹಂತಗಳನ್ನು ವಿವರಿಸುವ ‘ಮನಾಜಿಲ್ ಅಲ್ ಸಾಯಿರೀನ್’ ಎಂಬ ಕೃತಿಯನ್ನು ಅರಬ್ಬಿಯಲ್ಲಿ ಬರೆದರು. ದೇವರೊಂದಿಗೆ ಆಪ್ತವಾಗಿ ಮಾತನಾಡುವ ಇವರ ‘ಮುನಾಜಾತ್’ ಪ್ರಾರ್ಥನೆಗಳು ಪಾರಸಿ ಗದ್ಯದ ಆರಂಭಕಾಲದ ಉತ್ತಮ ಮಾದರಿಗಳು. ಪಾರಸಿ ಓದುವ ಮನೆಗಳಲ್ಲೆಲ್ಲ ಅವು ಪ್ರಚಾರ ಪಡೆದವು. ಹದಿನೈದನೆಯ ಶತಮಾನದಲ್ಲಿ ತೈಮೂರಿ ಅರಸ ಶಾಹ್ ರುಖ್, ಹೆರಾತ್ ಸಮೀಪದ ಗಾಜರ್‌ಗಾಹ್‌ನಲ್ಲಿ ಇವರ ಸಮಾಧಿಯ ಸುತ್ತ ಭವ್ಯ ಕಟ್ಟಡ ಕಟ್ಟಿಸಿದ.

ಶಿಯಾ ಪರಂಪರೆಯಲ್ಲಿ ಪ್ರವಾದಿಯವರ ಒಡನಾಡಿ ಜಾಬಿರ್ ಇಬ್ನ್ ಅಬ್ದುಲ್ಲಾ ಅನ್ಸಾರಿಗೆ ವಿಶೇಷ ಸ್ಥಾನವಿದೆ. ಕರ್ಬಲಾದಲ್ಲಿ ಇಮಾಮ್ ಹುಸೈನರ ಸಮಾಧಿಗೆ ಮೊದಲು ಯಾತ್ರೆ ಮಾಡಿದವರೆಂದು ಅವರನ್ನು ನೆನೆಯುತ್ತಾರೆ. ಜಾಬಿರ್ ಸಂತತಿಯವರೆಂದು ಪ್ರಸಿದ್ಧರಾದ ಶೇಖ್ ಮುರ್ತಜಾ ಅನ್ಸಾರಿ (1781–1864) ಇರಾನಿನ ದೆಜ್‌ಫೂಲ್‌ನಲ್ಲಿ ಹುಟ್ಟಿ, ಇರಾಕಿನ ನಜಫ್‌ನಲ್ಲಿ ತಮ್ಮ ಕಾಲದ ಶಿಯಾ ಜಗತ್ತಿನ ಅಗ್ರಗಣ್ಯ ಧರ್ಮಶಾಸ್ತ್ರಜ್ಞರಾದರು. ವಾಣಿಜ್ಯ ಕಾನೂನು ಕುರಿತ ಅವರ ‘ಮಕಾಸಿಬ್’ ಗ್ರಂಥ ಇಂದಿಗೂ ಅಲ್ಲಿನ ವಿದ್ಯಾಪೀಠಗಳ ಪಠ್ಯ.

ಭಾರತದ ವಂಶಾವಳಿ ಮನೆತನಗಳು

ದೆಹಲಿ ಸುಲ್ತಾನರ ಕಾಲದಿಂದ ವಿದ್ವಾಂಸರೂ ಅಧಿಕಾರಿಗಳೂ ಆಗಿ ಬಂದ ಕೆಲವು ಅನ್ಸಾರಿ ಮನೆತನಗಳು ಪಾಣಿಪತ್, ಸಹಾರನ್‌ಪುರ, ಲಖನೌ ಪ್ರದೇಶ ಮತ್ತು ಗಾಜಿಪುರಗಳಲ್ಲಿ ನೆಲೆಸಿದವು. ಇವುಗಳಲ್ಲಿ ಹಲವು ಅಬ್ದುಲ್ಲಾ ಅನ್ಸಾರಿಯವರ ಮೂಲಕ ಅಬೂ ಅಯ್ಯೂಬರವರೆಗೆ ವಂಶಾವಳಿ ಬರೆದಿಟ್ಟುಕೊಂಡಿದ್ದವು. ಉರ್ದು ಕಾವ್ಯಕ್ಕೆ ಹೊಸ ತಿರುವು ಕೊಟ್ಟ ಅಲ್ತಾಫ್ ಹುಸೇನ್ ಹಾಲಿ (1837–1914) ಪಾಣಿಪತ್ ಮನೆತನದವರು. ಸಿನಿಮಾ ಬರಹಗಾರ ಖ್ವಾಜಾ ಅಹ್ಮದ್ ಅಬ್ಬಾಸ್, ಹಾಲಿಯವರ ಮರಿಮೊಮ್ಮಗ. ಇಂಥದೇ ಮನೆತನಕ್ಕೆ ಸೇರಿದ ಗಂಗೋಹದ ರಶೀದ್ ಅಹ್ಮದ್ (1826–1905) ದೇವಬಂದ್ ಮದರಸಾ ಪರಂಪರೆಯ ಹಿರಿಯರು.

ವಿದ್ಯೆಯಲ್ಲಿ ಎಲ್ಲರಿಗಿಂತ ಹೆಸರಾದದ್ದು ಲಖನೌನ ಫರಂಗಿ ಮಹಲ್ ಮನೆತನ. ಬಾರಾಬಂಕಿ ಬಳಿಯ ಸಿಹಾಲಿಯ ವಿದ್ವಾಂಸ ಮುಲ್ಲಾ ಕುತುಬುದ್ದೀನ್ ಹದಿನೇಳನೆಯ ಶತಮಾನದ ಕೊನೆಯ ದಶಕದಲ್ಲಿ ಕೊಲೆಯಾದಾಗ, ಔರಂಗಜೇಬ್ ಅವರ ಮಕ್ಕಳಿಗೆ ಲಖನೌನಲ್ಲಿ ಹಿಂದೆ ಯುರೋಪಿಯನ್ ವ್ಯಾಪಾರಿಯೊಬ್ಬ ಇದ್ದ ಮನೆಯನ್ನು ಕೊಟ್ಟ. ಆ ಮನೆಯಲ್ಲಿ ಕುತುಬುದ್ದೀನರ ಮಗ ಮುಲ್ಲಾ ನಿಜಾಮುದ್ದೀನ್ (ನಿಧನ 1748) ರೂಪಿಸಿದ ಪಾಠಕ್ರಮಕ್ಕೆ ದರ್ಸೆ ನಿಜಾಮಿ ಎಂದು ಹೆಸರು. ತರ್ಕ, ವ್ಯಾಕರಣ, ತತ್ತ್ವಶಾಸ್ತ್ರಗಳಿಗೆ ಹೆಚ್ಚು ಒತ್ತು ಕೊಟ್ಟ ಈ ಕ್ರಮ ಮಾರ್ಪಾಡುಗಳೊಂದಿಗೆ ಇಂದಿಗೂ ದಕ್ಷಿಣ ಏಷ್ಯಾದ ಬಹುಪಾಲು ಮದರಸಾಗಳಲ್ಲಿ ಉಳಿದಿದೆ.

ಗಾಜಿಪುರ ಜಿಲ್ಲೆಯ ಯೂಸುಫ್‌ಪುರದಲ್ಲಿ ಹುಟ್ಟಿದ ಡಾ. ಮುಖ್ತಾರ್ ಅಹ್ಮದ್ ಅನ್ಸಾರಿ (1880–1936) ಎಡಿನ್‌ಬರೋದಲ್ಲಿ ಶಸ್ತ್ರವೈದ್ಯ ಕಲಿತವರು. ಬಾಲ್ಕನ್ ಯುದ್ಧದ ಕಾಲದಲ್ಲಿ, 1912–13ರಲ್ಲಿ, ತುರ್ಕಿಗೆ ಹೋದ ಭಾರತೀಯ ವೈದ್ಯಕೀಯ ತಂಡದ ನಾಯಕರಾಗಿದ್ದರು. 1927ರ ಮದ್ರಾಸ್ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರೂ ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾದ ಸ್ಥಾಪಕರಲ್ಲೊಬ್ಬರೂ ಆಗಿದ್ದರು. 2007ರಿಂದ 2017ರವರೆಗೆ ಭಾರತದ ಉಪರಾಷ್ಟ್ರಪತಿಯಾಗಿದ್ದ ಹಮೀದ್ ಅನ್ಸಾರಿ ಇದೇ ಮನೆತನದವರು.

ಗಾಜಿಪುರದವರನ್ನು ಬಿಟ್ಟರೆ, ಈ ಮನೆತನಗಳಲ್ಲಿ ಗಮನಿಸಬೇಕಾದ ಒಂದು ಸಂಗತಿ ಇದೆ. ಹಾಲಿ ತಮ್ಮ ಕಾವ್ಯನಾಮದಿಂದ, ಗಂಗೋಹದ ಹಿರಿಯರು ಊರಿನ ಹೆಸರಿನಿಂದ, ಲಖನೌ ವಿದ್ವಾಂಸರು ಫರಂಗಿ ಮಹಲಿ ಎಂಬ ಗುರುತಿನಿಂದ ಪ್ರಸಿದ್ಧರಾದರು. ಕುಲದ ಬಗ್ಗೆ ಸಮಾಜದಲ್ಲಿ ಯಾರೂ ಪ್ರಶ್ನೆ ಎತ್ತದಿದ್ದಾಗ ಅನ್ಸಾರಿ ಎಂದು ಬರೆಯುವ ಅಗತ್ಯವೇ ಬೀಳಲಿಲ್ಲ. ಆ ಹೆಸರನ್ನು ಪ್ರತಿಯೊಬ್ಬ ಸದಸ್ಯನ ಹೆಸರಿನ ಕೊನೆಗೂ ಬರೆಸಿದವರು ಬೇರೆಯವರು.

ನೇಕಾರರ ಅನ್ಸಾರಿ

ಉತ್ತರ ಪ್ರದೇಶ, ಬಿಹಾರ ಮತ್ತು ಜಾರ್ಖಂಡ್‌ಗಳ ಮುಸ್ಲಿಂ ನೇಕಾರರಿಗೆ ಹಿಂದೆ ಜುಲಾಹಾ ಎಂಬ ಹೆಸರಿತ್ತು. ಹದಿನೈದನೆಯ ಶತಮಾನದ ಕಬೀರ ಇದೇ ಸಮುದಾಯದಲ್ಲಿ ಬೆಳೆದವನು. ಮಗ್ಗದ ಕೆಲಸಕ್ಕೆ ಬೇಡಿಕೆ ಇದ್ದರೂ ಮಗ್ಗದವನಿಗೆ ಮರ್ಯಾದೆ ಇರಲಿಲ್ಲ. ಜುಲಾಹಾ ಎಂದರೆ ಪೆದ್ದ, ಪುಕ್ಕಲ ಎಂದು ಹೀಯಾಳಿಸುವ ಗಾದೆಗಳು ಊರೂರಲ್ಲಿದ್ದವು. ಬ್ರಿಟಿಷ್ ಅಧಿಕಾರಿಗಳು ಅವನ್ನು ತಮ್ಮ ಜಾತಿ ವರ್ಣನೆಯ ಪುಸ್ತಕಗಳಲ್ಲಿ ಸೇರಿಸಿ, ಇಡೀ ಸಮುದಾಯ ಮತಾಂಧವೆಂದೂ ಬರೆದರು. ಮುಸ್ಲಿಂ ಸಮಾಜದ ಒಳಗೂ ಅಶ್ರಾಫ್ ಎನಿಸಿಕೊಂಡ ಮೇಲುವರ್ಗ ಕೈಕಸುಬಿನವರನ್ನು ಅಜ್ಲಾಫ್ ಎಂದು ಕೆಳಗಿಟ್ಟಿತ್ತು. ವಿವಾಹದಲ್ಲಿ ವಧೂವರರ ಸಮಾನತೆ ಅಳೆಯುವ ಕಫಾಅತ್ ನಿಯಮವನ್ನು ವಿವರಿಸುವಾಗ ಹನಫಿ ಪಂಥದ ಕೆಲವು ಕಾನೂನು ಗ್ರಂಥಗಳು ನೇಯ್ಗೆಯನ್ನು ಕೀಳು ಕಸುಬುಗಳಲ್ಲಿ ಎಣಿಸಿದ್ದವು. ಎಲ್ಲ ವಿಶ್ವಾಸಿಗಳೂ ಸಮಾನರೆಂದು ಸಾರುವ ಧರ್ಮದ ಅನುಯಾಯಿಗಳಿಗೆ ಈ ಅವಮಾನ ಇನ್ನಷ್ಟು ನೋವು ಕೊಡುವಂಥದ್ದು.

ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ಗಿರಣಿ ಬಟ್ಟೆ ಬಂದು ಇವರ ಹೊಟ್ಟೆಗೂ ಪೆಟ್ಟು ಬಿತ್ತು. 1857ರ ದಂಗೆಯ ನಂತರದ ದಮನ, ಬರ ಮತ್ತು ನಿರುದ್ಯೋಗದಿಂದ ಮವೂ, ಮುಬಾರಕ್‌ಪುರ, ಆಜಂಗಢ, ಬನಾರಸ್ ಕಡೆಯ ನೇಕಾರರು ಗುಂಪುಗುಂಪಾಗಿ ದಕ್ಷಿಣದತ್ತ ಹೊರಟರು. ಬುರ್ಹಾನ್‌ಪುರ, ಮಾಲೆಗಾಂವ್, ಭಿವಂಡಿ, ನಾಗಪುರ ಬಳಿಯ ಕಾಮ್ಠಿ, ಮುಂಬಯಿಯ ಮದನ್‌ಪುರಾಗಳಲ್ಲಿ ನೇಕಾರರ ಮೊಹಲ್ಲಾಗಳು ಬೆಳೆದವು. ಮಾಲೆಗಾಂವ್ ಮತ್ತು ಭಿವಂಡಿ ಮುಂದೆ ವಿದ್ಯುತ್ ಮಗ್ಗಗಳ ದೊಡ್ಡ ಕೇಂದ್ರಗಳಾದವು. ಕಲ್ಕತ್ತಾದ ಸೆಣಬಿನ ಗಿರಣಿಗಳಿಗೂ ಸಾವಿರಾರು ಮಂದಿ ಸೇರಿದರು.

ಇದೇ ಕಾಲದಲ್ಲಿ ಸರ್ಕಾರದ ಜನಗಣತಿ ಹತ್ತು ವರ್ಷಕ್ಕೊಮ್ಮೆ ಜಾತಿಯ ಹೆಸರನ್ನು ಬರೆದುಕೊಳ್ಳುತ್ತಿತ್ತು. ತಮ್ಮನ್ನು ಯಾವ ಹೆಸರಿನಿಂದ ದಾಖಲಿಸಬೇಕೆಂಬ ಪ್ರಶ್ನೆ ನೇಕಾರರಲ್ಲಿ ಜೀವ ಪಡೆಯಿತು. ಬೆಳಕನ್ನು ನೇಯುವವರು ಎಂಬರ್ಥದ ನೂರ್‌ಬಾಫ್, ವಿಶ್ವಾಸಿ ಎಂಬರ್ಥದ ಮೋಮಿನ್, ಮತ್ತು ಅನ್ಸಾರಿ ಎಂಬ ಹೆಸರುಗಳು ಚರ್ಚೆಗೆ ಬಂದವು. ಅಬೂ ಅಯ್ಯೂಬ್ ಅನ್ಸಾರಿ ನೇಯ್ಗೆ ಬಲ್ಲವರಾಗಿದ್ದರು, ತಾವು ಅವರ ಪರಂಪರೆಯವರು ಎಂಬ ನಂಬಿಕೆ ಸಮುದಾಯದ ಪುಸ್ತಕಗಳ ಮೂಲಕ ಹರಡಿತು. ಇದನ್ನು ಒಪ್ಪದ ಮೇಲುವರ್ಗದವರು ವಿರೋಧಿಸಿ ಬರೆದರು. ನೇಕಾರ ಸಮುದಾಯದಿಂದಲೇ ಬಂದ ವಿದ್ವಾಂಸರು ಧರ್ಮಗ್ರಂಥಗಳ ಆಧಾರದಿಂದ ಉತ್ತರ ಕೊಟ್ಟರು.

ಈ ಜಾಗೃತಿಗೆ ಸಂಘಟನೆಯ ರೂಪ ಕೊಟ್ಟವರಲ್ಲಿ ಬಿಹಾರ್ ಶರೀಫ್‌ನ ಮೌಲಾನಾ ಅಲಿ ಹುಸೇನ್ ಆಸಿಮ್ ಬಿಹಾರಿ ಮುಖ್ಯರು. 1920ರ ದಶಕದಲ್ಲಿ ಕಲ್ಕತ್ತಾವನ್ನು ಕೇಂದ್ರವಾಗಿಸಿಕೊಂಡು ಅಖಿಲ ಭಾರತ ಮೋಮಿನ್ ಕಾನ್ಫರೆನ್ಸ್ ಬೆಳೆಯಿತು. ಮಕ್ಕಳಿಗೆ ಶಾಲೆ, ನೇಕಾರರಿಗೆ ಸಹಕಾರ ಸಂಘ, ಕೈಮಗ್ಗಕ್ಕೆ ರಕ್ಷಣೆ, ಶಾಸನಸಭೆಯಲ್ಲಿ ಪ್ರಾತಿನಿಧ್ಯ ಅದರ ಬೇಡಿಕೆಗಳು. ಅಬ್ದುಲ್ ಕಯ್ಯೂಮ್ ಅನ್ಸಾರಿ (1905–1973) ನಾಯಕತ್ವದಲ್ಲಿ ಅದು ಮುಸ್ಲಿಂ ಲೀಗಿನ ದ್ವಿರಾಷ್ಟ್ರ ವಾದವನ್ನು ಬಹಿರಂಗವಾಗಿ ವಿರೋಧಿಸಿತು. ಆದರೆ 1946ರ ಚುನಾವಣೆಯಲ್ಲಿ ಮತದಾನದ ಹಕ್ಕು ಆಸ್ತಿ ಮತ್ತು ಶಿಕ್ಷಣವನ್ನು ಅವಲಂಬಿಸಿತ್ತು. ಬಡ ನೇಕಾರರಲ್ಲಿ ಬಹುಪಾಲು ಜನರಿಗೆ ಮತವೇ ಇರಲಿಲ್ಲ. ಸ್ವಾತಂತ್ರ್ಯದ ನಂತರ ಕಯ್ಯೂಮ್ ಅನ್ಸಾರಿ ಬಿಹಾರದಲ್ಲಿ ಮಂತ್ರಿಯಾಗಿದ್ದರು. 2005ರಲ್ಲಿ ಅವರ ನೆನಪಿಗೆ ಅಂಚೆಚೀಟಿ ಬಂತು.

ಹೆಸರಿನ ಬದಲಾವಣೆ ಹಿಂದಿನ ನಾಯಕರನ್ನು ಕಾಣುವ ರೀತಿಯನ್ನೂ ಬದಲಿಸಿತು. 1858ರ ಜನವರಿಯಲ್ಲಿ ಬ್ರಿಟಿಷರು ರಾಂಚಿ ಸಮೀಪದ ಚುಟುಪಾಲು ಕಣಿವೆಯಲ್ಲಿ ಟಿಕೈತ್ ಉಮ್ರಾವ್ ಸಿಂಹರ ಜೊತೆಗೆ ಗಲ್ಲಿಗೇರಿಸಿದ ಶೇಖ್ ಭಿಖಾರಿಯ ಹೆಸರಿನಲ್ಲಿ ಅನ್ಸಾರಿ ಇರಲಿಲ್ಲ. ಇಂದು ಜಾರ್ಖಂಡಿನ ಅನ್ಸಾರಿಗಳು ಅವರನ್ನು ತಮ್ಮ ಹುತಾತ್ಮರೆಂದು ಗೌರವಿಸುತ್ತಾರೆ. ಬನಾರಸ್‌ನಲ್ಲಿ ಜುಲಾಹಾ ಎಂಬುದು ಬೈಗುಳವಾಗಿ, ಅನ್ಸಾರಿ ಎಂಬುದು ನೇಕಾರನ ಸಹಜ ಪರಿಚಯವಾಗಿ ನಿಂತಿದೆ.

ಇದೇ ದಾರಿ ಹಿಡಿದ ಹೆಸರುಗಳು

ನೇಕಾರರ ಮಾದರಿಯನ್ನು ಇತರ ಕಸುಬಿನವರೂ ಅನುಸರಿಸಿದರು. ಮಾಂಸ ವ್ಯಾಪಾರಿಗಳು ಖುರೈಶಿ ಎಂದರು. ಕ್ಷೌರಿಕರು ಪ್ರವಾದಿಯವರ ಒಡನಾಡಿ ಸಲ್ಮಾನ್ ಫಾರಸಿಯನ್ನು ನೆನೆದು ಸಲ್ಮಾನಿ ಎಂದೂ, ದರ್ಜಿಗಳು ಪ್ರವಾದಿ ಇದ್ರೀಸರ ಹೆಸರಿನಿಂದ ಇದ್ರೀಸಿ ಎಂದೂ ಕರೆದುಕೊಂಡರು. ಹತ್ತಿ ಹಿಂಜುವ ಧುನಿಯಾಗಳು ಸೂಫಿ ಮನ್ಸೂರ್ ಹಲ್ಲಾಜರ ನೆನಪಿನಲ್ಲಿ ಮನ್ಸೂರಿಗಳಾದರು. ಹಲ್ಲಾಜ್ ಎಂದರೆ ಹತ್ತಿ ಹಿಂಜುವವನು. ಕಮ್ಮಾರರೂ ಬಡಗಿಗಳೂ 1975ರಲ್ಲಿ ಸೈಫಿ ಎಂಬ ಹೆಸರನ್ನು ಆರಿಸಿಕೊಂಡರು. ಇವುಗಳಲ್ಲಿ ಹೆಚ್ಚಿನವುಗಳಲ್ಲಿ ಕಸುಬನ್ನು ಮರೆಮಾಚದೆ ಅದಕ್ಕೆ ಇಸ್ಲಾಮೀ ಇತಿಹಾಸದಲ್ಲಿ ಒಬ್ಬ ಹಿರಿಯನನ್ನು ಹುಡುಕುವ ಪ್ರಯತ್ನವಿದೆ.

ಕರ್ನಾಟಕದಲ್ಲಿ

ಕರ್ನಾಟಕದ ಮುಸ್ಲಿಮರಲ್ಲಿ ಅನ್ಸಾರಿ ವಂಶನಾಮ ವಿರಳ. ಗಂಗಾವತಿಯ ಮಾಜಿ ಶಾಸಕ ಇಕ್ಬಾಲ್ ಅನ್ಸಾರಿಯವರಿಂದ ಹೆಸರು ಕನ್ನಡ ಪತ್ರಿಕೆಗಳ ಓದುಗರಿಗೆ ಪರಿಚಿತ. ಕರಾವಳಿಯಲ್ಲಿ ಅನ್ಸಾರ್ ಎಂಬುದು ಗಂಡುಮಕ್ಕಳಿಗೆ ಇಡುವ ಹೆಸರು. ಉತ್ತರ ಕರ್ನಾಟಕದಲ್ಲಿ ಅಡ್ಡಹೆಸರುಗಳು ಹೆಚ್ಚಾಗಿ ಕಸುಬು ಅಥವಾ ಹುದ್ದೆಯನ್ನು ನೇರವಾಗಿ ಹೇಳುತ್ತವೆ: ಹತ್ತಿ ಹಿಂಜುವವರು ನದಾಫ್, ಹಣ್ಣು ತರಕಾರಿಯವರು ಬಾಗವಾನ, ಸುಗಂಧದ್ರವ್ಯದವರು ಅತ್ತಾರ, ದರ್ಗಾ ಸೇವೆಯವರು ಮುಜಾವರ. ವಿಜಯಪುರ, ಬೆಳಗಾವಿ ಕಡೆಯ ಮೋಮಿನ್ ಎಂಬ ಅಡ್ಡಹೆಸರು ನೇಕಾರರದು. ಬ್ರಿಟಿಷ್ ಕಾಲದ ಗೆಜೆಟಿಯರ್‌ಗಳು ಅವರನ್ನು ಪ್ರತ್ಯೇಕ ಸಮುದಾಯವಾಗಿ ವರ್ಣಿಸಿವೆ. ಕವಿ ಬಿ. ಎ. ಸನದಿಯವರ ಹೆಸರು ಸನದು ಪಡೆದ ಮನೆತನವನ್ನು ಸೂಚಿಸಿದರೆ, ರಹಮತ್ ತರೀಕೆರೆ, ಬೊಳುವಾರು ಮಹಮದ್ ಕುಂಞಿ ಎಂಬಲ್ಲಿ ಊರೇ ಗುರುತು. ನದಾಫ, ಪಿಂಜಾರರು ರಾಜ್ಯದ ಹಿಂದುಳಿದ ವರ್ಗಗಳ ಪ್ರವರ್ಗ 1ರಲ್ಲಿದ್ದಾರೆ.

ಕನ್ನಡ ನಾಡಿಗೂ ಬನಾರಸ್‌ನ ಅನ್ಸಾರಿಗಳಿಗೂ ಇರುವ ದೊಡ್ಡ ನಂಟು ರೇಷ್ಮೆಯದು. ರಾಮನಗರ, ಶಿಡ್ಲಘಟ್ಟಗಳ ಗೂಡಿನಿಂದ ಬಿಚ್ಚಿದ ನೂಲು ಬೆಂಗಳೂರಿನ ಮೂಲಕ ವಾರಾಣಸಿಯ ಮಗ್ಗಗಳಿಗೆ ಬಹುಕಾಲದಿಂದ ಹೋಗುತ್ತಿದೆ. ಬನಾರಸಿ ಸೀರೆಯ ಜರಿ ಹೂವು ಬಳ್ಳಿಗಳನ್ನು ಅದರ ಮೇಲೆ ಮೂಡಿಸುವವರಲ್ಲಿ ಹೆಚ್ಚಿನವರು ಅನ್ಸಾರಿಗಳು.

ಇಂದಿನ ಹರವು

ಮಂಡಲ್ ಆಯೋಗದ ಶಿಫಾರಸುಗಳು 1993ರಲ್ಲಿ ಜಾರಿಗೆ ಬಂದ ಮೇಲೆ ಮೋಮಿನ್, ಜುಲಾಹಾ, ಅನ್ಸಾರಿ ಎಂಬ ಹೆಸರುಗಳು ಕೇಂದ್ರದ ಇತರ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಒಟ್ಟಿಗೆ ಸೇರಿದವು. 1998ರಲ್ಲಿ ಬಿಹಾರದ ಪತ್ರಕರ್ತ ಅಲಿ ಅನ್ವರ್ ಪಸ್ಮಾಂದಾ ಮುಸ್ಲಿಂ ಮಹಾಜ್ ಕಟ್ಟಿ, ಹಿಂದುಳಿದ ಮತ್ತು ದಲಿತ ಮುಸ್ಲಿಮರನ್ನು ಒಂದುಗೂಡಿಸಲು ಯತ್ನಿಸಿದರು. ಬಿಹಾರ ಸರ್ಕಾರ 2023ರಲ್ಲಿ ಪ್ರಕಟಿಸಿದ ಜಾತಿ ಸಮೀಕ್ಷೆಯಂತೆ ರಾಜ್ಯದ ಜನಸಂಖ್ಯೆಯಲ್ಲಿ ಈ ಸಮುದಾಯದ ಪಾಲು ಸುಮಾರು ಶೇ. 3.5.

ದೇಶ ವಿಭಜನೆಯ ನಂತರ ಅನೇಕ ಅನ್ಸಾರಿ ಕುಟುಂಬಗಳು ಕರಾಚಿ ಮತ್ತು ಸಿಂಧಿನ ಹೈದರಾಬಾದಿಗೆ ಹೋದವು. ಕೊಲ್ಲಿ ರಾಷ್ಟ್ರಗಳಲ್ಲಿ ಅಲ್ ಅನ್ಸಾರಿ, ತುರ್ಕಿಯಲ್ಲಿ ಎನ್ಸಾರಿ, ಇಂಡೊನೇಷ್ಯಾದಲ್ಲಿ ಅನ್ಶಾರಿ ಎಂಬ ರೂಪಗಳಿವೆ. ಇರಾನಿನ ಮಶ್ಹದ್‌ನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಅನೂಶೆ ಅನ್ಸಾರಿ 2006ರಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋಗಿಬಂದರು. ಖಾಸಗಿ ಬಾಹ್ಯಾಕಾಶ ಯಾನಕ್ಕಾಗಿ 2004ರಲ್ಲಿ ಕೊಟ್ಟ ಒಂದು ಕೋಟಿ ಡಾಲರ್ ಬಹುಮಾನಕ್ಕೂ ಅವರ ಕುಟುಂಬದ ಹೆಸರಿತ್ತು. ಅಮೆರಿಕದ ನಟ ಅಜೀಜ್ ಅನ್ಸಾರಿಯವರ ತಂದೆತಾಯಿ ತಮಿಳುನಾಡಿನ ಮುಸ್ಲಿಮರು. ಸುಡಾನಿನ ಮಹ್ದಿಯ ಅನುಯಾಯಿಗಳನ್ನು ಅನ್ಸಾರ್ ಎನ್ನುವುದೂ, 1948ರಲ್ಲಿ ಪೂರ್ವ ಬಂಗಾಳದಲ್ಲಿ ರಚನೆಯಾದ ಅನ್ಸಾರ್ ರಕ್ಷಣಾ ದಳವೂ ವಂಶಕ್ಕೆ ಸಂಬಂಧಿಸಿದವಲ್ಲ. ನೆರವಾಗುವವರೆಂಬ ಅರ್ಥವನ್ನಷ್ಟೇ ಅವು ಪಡೆದಿವೆ.

ಹೆಸರನ್ನು ಅರಿಯುವ ಬಗೆ

ಅನ್ಸಾರಿ ಎಂಬ ವಂಶನಾಮವೊಂದರಿಂದಲೇ ಒಬ್ಬರ ಪೂರ್ವಜರನ್ನು ನಿರ್ಣಯಿಸಲಾಗದು. ಹೆರಾತ್ ಮೂಲದ ವಿದ್ವಾಂಸರ ಮನೆ, ಮವೂ ಊರಿನ ಕುಣಿಮಗ್ಗದ ಮನೆ, ಇರಾನಿನ ಶಿಯಾ ಮನೆತನ ಎಲ್ಲವೂ ಅದನ್ನು ಬಳಸುತ್ತವೆ. ಹದಿಮೂರು ಶತಮಾನಗಳ ವಂಶಾವಳಿಗೆ ಪ್ರತಿ ಹೆಜ್ಜೆಯಲ್ಲೂ ಸಮಕಾಲೀನ ದಾಖಲೆ ಸಿಗುವುದು ಅಪರೂಪ. ಗ್ರನಾಡಾದ ಸುಲ್ತಾನರ ಹೇಳಿಕೆಯನ್ನು ಅಳೆಯುವ ಕೋಲಿನಿಂದಲೇ ಬಿಹಾರದ ನೇಕಾರರ ಹೇಳಿಕೆಯನ್ನೂ ಅಳೆಯುವುದು ನ್ಯಾಯ. ಸುಲ್ತಾನರಿಗೆ ಈ ಹೆಸರು ಸಿಂಹಾಸನದ ಹಕ್ಕನ್ನು ಗಟ್ಟಿಮಾಡಿತು. ನೇಕಾರರಿಗೆ ಅದು ಶಾಲೆಯ ಹಾಜರಿ ಪುಸ್ತಕದಲ್ಲಿ, ಮತಪಟ್ಟಿಯಲ್ಲಿ, ಮದುವೆಯ ಮಾತುಕತೆಯಲ್ಲಿ ತಲೆ ಎತ್ತಿ ನಿಲ್ಲುವ ಅವಕಾಶ ಕೊಟ್ಟಿತು. ಬೇರೆಯವರು ಹೇರಿದ ಹೆಸರನ್ನು ನಿರಾಕರಿಸಿ ತಮ್ಮ ಹೆಸರನ್ನು ತಾವೇ ಆರಿಸಿಕೊಂಡ ಈ ಚಳವಳಿ ಆಧುನಿಕ ಭಾರತದ ಸಾಮಾಜಿಕ ಇತಿಹಾಸದ ಮಹತ್ವದ ಅಧ್ಯಾಯ.